ಐದು ಕಡಿಮೆ

ವೇಕೋ ಊರು ದಾಟಿ ಸಾಕಷ್ಟು ದೂರ ಬಂದ ಮೇಲೆ ಇಂದುಮತಿಗೆ ತಾನು ಕಾರಿನಲ್ಲಿ ಹಾಡು ಹಾಕಿಲ್ಲ ಎಂಬುದು ಗಮನಕ್ಕೆ ಬಂತು. ಆಸ್ಟಿನ್ನಿನಿಂದ ಇರ್ವಿಂಗಿಗೆ ಹೊರಟಾಗಲೆಲ್ಲ ಮನೆಯ ಬೀದಿ ತಿರುಗುವ ಮೊದಲೇ ಹಾಡು ಹಾಕುವವಳು ಇವತ್ತು ಇಷ್ಟು ಹೊತ್ತೂ ತನ್ನೊಡನೆ ತಾನೇ ವಾದ ಮಾಡಿಕೊಂಡು ಬಂದಿದ್ದಳು. ನಲವತ್ತು ತಪ್ಪಲ್ಲ. ಯಾರು ನೋಡಿದ್ದರೂ ನಲವತ್ತು ಹಾಕಬಹುದಿತ್ತು. ಹಾಕಬಹುದಿತ್ತು ಎಂಬ ಮಾತಿಗೇ ಅವಳಿಗೆ ನಾಚಿಕೆಯಾಯಿತು. ಏಕೆಂದರೆ ನೋಡಿದ್ದು ಯಾರೋ ಅಲ್ಲ, ಅವಳೇ. ಅವಳ ಕಣ್ಣಿಗೆ ಕಂಡದ್ದು ನಲವತ್ತೈದು. ಎಡಗಡೆಯ ಲೇನಿನಲ್ಲಿ ಒಂದು ಪಿಕಪ್ ಟ್ರಕ್ಕು ಹಾರ್ನ್ ಮಾಡುತ್ತ ಮುಂದೆ ಹೋಯಿತು; ತಾನು ವೇಗ ಕಳೆದುಕೊಂಡು ತೆವಳುತ್ತಿದ್ದೇನೆಂದು ಆಮೇಲೆ ತಿಳಿಯಿತು. ಅಷ್ಟಕ್ಕೇ ಯಾರೋ ಎಲ್ಲರೆದುರು ಬೈದಂತೆ ಅವಳ ಕಿವಿ ಬಿಸಿಯಾಯಿತು.

ಅಂಕ ಹಾಕುವುದೇ ಅವಳ ಕೆಲಸ. ಉತ್ತರದ ರಾಜ್ಯವೊಂದರ ಬೇಸ್‌ಬಾಲ್ ಕ್ಲಬ್ಬಿನ ಕೆಳದರ್ಜೆಯ ತಂಡಗಳಲ್ಲಿ ಆಡುವ ಹುಡುಗರನ್ನು ನೋಡಿ, ಅವರ ಓಟ, ಎಸೆತ, ಹೊಡೆತಗಳ ಲೆಕ್ಕವನ್ನೆಲ್ಲ ಜಾಲಾಡಿ, ಇವನು ಮುಂದೆ ದೊಡ್ಡ ಲೀಗಿನಲ್ಲಿ ಆಡಿಯಾನೇ ಇಲ್ಲವೇ ಎಂದು ಹೇಳುವವರಲ್ಲಿ ಅವಳೂ ಒಬ್ಬಳು. ಆಸ್ಟಿನ್ನಿನ ಕನ್ನಡದವರು ಇದನ್ನು ಚೆಂಡು ಎಣಿಸೋ ಕೆಲಸ ಎಂದು ತಮಾಷೆ ಮಾಡುತ್ತಿದ್ದರು. ಸಾಫ್ಟ್‌ವೇರ್ ಬಿಟ್ಟು ಇವಳ್ಯಾಕೆ ಇದಕ್ಕೆ ಬಿದ್ದಳೋ ಎಂದು ಹಿಂದಿನಿಂದ ಆಡಿಕೊಳ್ಳುತ್ತಲೂ ಇದ್ದರು. ಅಳತೆ ಇಪ್ಪತ್ತರಿಂದ ಎಂಬತ್ತರವರೆಗೆ. ಐವತ್ತೆಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರ. ನಲವತ್ತೈದೆಂದರೆ ಅಲ್ಲಿ ಬೆಂಚಿನ ಮೇಲಾದರೂ ಕೂತು, ಅವಕಾಶ ಸಿಕ್ಕಾಗ ಎದ್ದು ಆಡುವವನು. ನಲವತ್ತೆಂದರೆ ಕೆಳಗೇ ಉಳಿದು, ಬಸ್ಸಿನಲ್ಲಿ ಊರೂರು ತಿರುಗಿ, ಒಂದು ದಿನ ಸದ್ದಿಲ್ಲದೆ ಮನೆಗೆ ಹೋಗುವವನು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರುವುದು ಆ ಐದು. ಅದನ್ನು ಅವಳು ಇಪ್ಪತ್ತೈದರ ಒಬ್ಬ ಹುಡುಗನಿಂದ ಕಿತ್ತುಕೊಂಡಿದ್ದಳು. ಆ ಹುಡುಗನ ಮನೆಗೇ ಈಗ ಊಟಕ್ಕೆ ಹೊರಟಿದ್ದಳು.

ಆ ಹುಡುಗ ನಿಶ್ಚಲ್ ಆಡುವುದು ಅದೇ ಕ್ಲಬ್ಬಿಗೆ ಸೇರಿದ, ಹ್ಯೂಸ್ಟನ್ನಿನ ಹೊರವಲಯದ ತಂಡದಲ್ಲಿ, ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ, ಚೆಂಡು ನೆಲಕಚ್ಚಿ ಬರುವ ಜಾಗದಲ್ಲಿ. ಹೋದ ತಿಂಗಳು ಅವನನ್ನು ನೋಡಲೆಂದೇ ಅವಳು ಅಲ್ಲಿಗೆ ಹೋಗಿದ್ದಳು. ಹೋಗುತ್ತಿದ್ದೇನೆಂದು ಅವನಿಗೂ ಹೇಳಿರಲಿಲ್ಲ, ಅವನ ತಾಯಿ ವಸಂತಾಳಿಗೂ ಹೇಳಿರಲಿಲ್ಲ. ಬಿಸಿಲಿಗೆ ಕಾದ ಅಲ್ಯೂಮಿನಿಯಂ ಬೆಂಚು, ಎಣ್ಣೆಯಲ್ಲಿ ಕರಿದ ಏನೋ ಒಂದರ ವಾಸನೆ, ಟೋಪಿ ಹಣೆಯವರೆಗೆ ಎಳೆದುಕೊಂಡು ಕಳ್ಳಿಯಂತೆ ಕೂತ ಅವಳು. ಅವನ ತೋಳಿನ ಬಲ ಸಾಲದು, ಅದು ಎಸೆತ ಅಳೆಯುವ ಯಂತ್ರಕ್ಕೂ ಗೊತ್ತು. ತಿರುಗಿ ಒಳಗೆ ಬರುವ ಚೆಂಡಿಗೆ ಅವನ ಬ್ಯಾಟು ತಡವಾಗುತ್ತದೆ, ಅದೂ ಗೊತ್ತು. ಆದರೆ ಎದುರಾಳಿಯ ಬ್ಯಾಟಿಗೆ ಚೆಂಡು ತಾಕುವ ಮೊದಲೇ ಅವನ ಎಡಗಾಲು ಹೊರಟುಬಿಟ್ಟಿರುತ್ತಿತ್ತು. ಚೆಂಡು ಎಲ್ಲಿಗೆ ಬರುತ್ತದೆಂದು ಅವನಿಗೆ ಮುಂಚೆಯೇ ತಿಳಿದಿರುತ್ತಿತ್ತು. ಅದೇ ಹುಡುಗ ಎಂಟು ವರ್ಷದವನಿದ್ದಾಗ ಇರ್ವಿಂಗಿನ ಅಡುಗೆಮನೆಯಲ್ಲಿ ಅವಳ ಕೈಯಿಂದ ಜಾರಿದ ಲೋಟವನ್ನು ಅದು ನೆಲ ಮುಟ್ಟುವ ಮೊದಲೇ ಹಿಡಿದಿದ್ದ, ಹಾಲು ಮಾತ್ರ ಚೆಲ್ಲಿತ್ತು. ಆ ದಿನ ಬೆಂಚಿನ ಮೇಲೆ ಕೂತ ಇಂದುಮತಿಯ ಮೈ ಜುಮ್ಮೆಂದಿತ್ತು. ಇಷ್ಟು ವರ್ಷಗಳಲ್ಲಿ ಇಂಥ ಕಾಲನ್ನು ಅವಳು ಒಬ್ಬಿಬ್ಬರಲ್ಲಿ ಕಂಡಿರಬಹುದು, ಅವರಿಬ್ಬರೂ ಇವತ್ತು ಮೇಲಿದ್ದಾರೆ. ನಲವತ್ತೈದು, ಎಂದು ಮನಸ್ಸು ಹೇಳಿತು. ಹೇಳಿದ ಕೂಡಲೇ ಇನ್ನೊಂದು ದನಿ ಕೇಳಿತು, ನಿನಗೆ ಹಾಗೆ ಕಾಣಲೇಬೇಕಲ್ಲ ಎಂದು.

ಆ ದನಿ ಆಫೀಸಿನದು. ಎರಡು ವರ್ಷದ ಹಿಂದೆ ಭಾರತೀಯ ಹೆಸರಿನ, ಚೆಂಡೆಸೆಯುವ ಒಬ್ಬ ಪಿಚರನ ಬಗ್ಗೆ ಅವಳು ಒಳ್ಳೆಯ ಮಾತಾಡಿದಾಗ, ವಿಡಿಯೋ ಮೀಟಿಂಗಿನ ಪರದೆಯ ಮೇಲಿನ ಚೌಕಗಳಲ್ಲೊಬ್ಬ, ಏನು ಇಂದು, ನಿನ್ನ ಕಸಿನ್ನೇ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು, ಎಲ್ಲರಿಗಿಂತ ಮೊದಲು ಅವಳೇ ನಕ್ಕಿದ್ದಳು. ಆ ಪಿಚರು ಗುಜರಾತಿನವನೋ ಗಯಾನಾದವನೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನಿಶ್ಚಲ್‌ನ ಹೆಸರು ಪಟ್ಟಿಗೆ ಬಂದ ದಿನವೇ ಅವಳು ಬಾಯಿ ಬಿಡಬೇಕಿತ್ತು. ಈ ಹುಡುಗ ನನಗೆ ಗೊತ್ತು, ಇವನ ಮನೆಯಲ್ಲಿ ನಾನು ಉಂಡಿದ್ದೇನೆ, ಇವನನ್ನು ಬೇರೆ ಯಾರಾದರೂ ನೋಡಿ ಎಂದರೆ ಮುಗಿದಿತ್ತು. ಅಂಥದ್ದಕ್ಕೆ ಅಲ್ಲಿ ಒಂದು ದಾರಿಯೂ ಇತ್ತು. ಅವಳು ಹೇಳಲಿಲ್ಲ. ಬೇರೆಯವರ ಕೈಗೆ ಹೋದರೆ ಹುಡುಗನಿಗೆ ನ್ಯಾಯ ಸಿಗದು, ತಾನಿದ್ದರೆ ಸಿಗುತ್ತದೆ ಎಂದು ಆಗ ಅಂದುಕೊಂಡಿದ್ದಳು. ನ್ಯಾಯ ಕೊಡುವ ಹೊತ್ತು ಬಂದಾಗ ತನ್ನ ಹೆಸರಿನ ಚಿಂತೆ ಹತ್ತಿತು. ನಾಳೆ ಯಾರಾದರೂ ಇರ್ವಿಂಗಿನ ಯಾವುದೋ ಹಬ್ಬದ ಫೋಟೋದಲ್ಲಿ ತನ್ನನ್ನೂ ವಸಂತಾಳನ್ನೂ ಒಟ್ಟಿಗೆ ಕಂಡರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವಳದು, ಯಾರೂ ಏನೂ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡಳು. ಐದು ಕಡಿಮೆ ಮಾಡಿದಳು. ತಾನು ಮುಚ್ಚಿಟ್ಟದ್ದಕ್ಕೆ ದಂಡ ಕಟ್ಟಿದಂತಾಯಿತು ಎಂದು ಆ ಕ್ಷಣ ಮನಸ್ಸು ಹಗುರವೂ ಆಯಿತು. ದಂಡ ಹೋದದ್ದು ಮಾತ್ರ ಹುಡುಗನ ಕೈಯಿಂದ.

ಅಪ್ಪ ಹೀಗೇ ಮಾಡುತ್ತಿದ್ದರು. ಮೈಸೂರಿನ ಹೈಸ್ಕೂಲಿನಲ್ಲಿ ಅಪ್ಪನೇ ಅವಳ ಗಣಿತದ ಮೇಷ್ಟ್ರು. ಮಗಳ ಉತ್ತರಪತ್ರಿಕೆ ಬಂದಾಗ ಅವರ ಕೆಂಪು ಪೆನ್ನು ಇನ್ನಷ್ಟು ಚೂಪಾಗುತ್ತಿತ್ತು. ಒಮ್ಮೆ ರೇಖಾಗಣಿತದ ಒಂದು ಪ್ರಮೇಯವನ್ನು ಅವಳು ಪುಸ್ತಕದಲ್ಲಿಲ್ಲದ ದಾರಿಯಲ್ಲಿ ಸಾಧಿಸಿದ್ದಳು, ಸರಿಯಾಗಿಯೇ ಸಾಧಿಸಿದ್ದಳು. ಅಪ್ಪ ಅದಕ್ಕೆ ಅರ್ಧ ಅಂಕ ಹೊಡೆದು, ತರಗತಿಯ ಮುಂದೆ ಎತ್ತಿ ಹಿಡಿದು, ಬುದ್ಧಿವಂತಿಕೆ ಬೇರೆ, ಶಿಸ್ತು ಬೇರೆ ಎಂದಿದ್ದರು. ಆ ವರ್ಷದ ಬಹುಮಾನ ಅನುಸೂಯಾ ಎಂಬ ಹುಡುಗಿಗೆ ಹೋಯಿತು. ಇಂದುಮತಿಗೆ ಸಿಟ್ಟು ಬರಲಿಲ್ಲ; ಮೇಷ್ಟ್ರ ಮಗಳಾದರೆ ಇಷ್ಟು ಸಹಿಸಬೇಕು ಎಂಬುದು ಆ ಮನೆಯಲ್ಲಿ ಗೋಡೆಯಷ್ಟೇ ನಿಜವಾಗಿತ್ತು. ಆ ದಿನದ ಊಟಕ್ಕೆ ಮಾತ್ರ ಅಪ್ಪ ತಾವೇ ಎದ್ದು ಬಂದು ಅವಳ ಅನ್ನಕ್ಕೆ ತುಪ್ಪ ಹಾಕಿದ್ದರು, ಬೇಡ ಎಂದರೂ ಇನ್ನೊಂದು ಚಮಚ ಹಾಕಿದ್ದರು. ಊರು ಅಪ್ಪನನ್ನು ಹೊಗಳಿತು. ಆ ಹೊಗಳಿಕೆಯ ಖರ್ಚು ತನ್ನದೆಂದು ಅವಳಿಗೆ ಹೊಳೆದದ್ದು ಇವತ್ತು, ಹಿಲ್ಸ್‌ಬರೋ ಹತ್ತಿರ ಎರಡಾಗಿ ಒಡೆಯುವ ರಸ್ತೆಯಲ್ಲಿ, ಡಲ್ಲಾಸಿನ ಕಡೆಯ ಲೇನಿಗೆ ಹೊರಳುವಾಗ. ಅಪ್ಪನಿಗೆ ಆಮೇಲೆ ತುಪ್ಪ ಬಡಿಸಲಿಕ್ಕಾದರೂ ಗೊತ್ತಿತ್ತು ಎಂದುಕೊಂಡಳು.

ಇರ್ವಿಂಗಿನ ಇಂಡಿಯನ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ವೀಳ್ಯದೆಲೆ, ಮಲ್ಲಿಗೆ ಮೊಗ್ಗಿನ ಒಂದು ಮಾಲೆ ಕೊಂಡು ಬಂದು ಕೂತಾಗ ಫೋನು ಬಡಿದುಕೊಂಡಿತು. ಮೀಟಿಂಗು. ಗೊತ್ತಿದ್ದೇ ಇಲ್ಲಿ ನಿಂತಿದ್ದಳು, ವಸಂತಾಳ ಮನೆಯಲ್ಲಿ ಕೂತು ಈ ಮಾತು ಆಡಲಾಗುವುದಿಲ್ಲವೆಂದು. ಡೇಲ್, ಆಟಗಾರರನ್ನು ಉಳಿಸುವ ಕಳಿಸುವ ಜವಾಬ್ದಾರಿ ಹೊತ್ತವನು, ಅವಸರದಲ್ಲಿದ್ದ. ಹೊಸದಾಗಿ ಆಯ್ಕೆಯಾದ ಹುಡುಗರು ಬರುತ್ತಿದ್ದಾರೆ, ಜಾಗ ಬೇಕು, ಕೆಲವರನ್ನು ಬಿಡಬೇಕು. ಒಂದೊಂದೇ ಹೆಸರು ಹೋಗುತ್ತಿತ್ತು. ಅಂಗಡಿಯಿಂದ ಒಬ್ಬ ಮುದುಕಿ ಅಕ್ಕಿಮೂಟೆಯ ತಳ್ಳುಗಾಡಿ ತಳ್ಳಿಕೊಂಡು ಬಂದು, ಇವಳ ಕಾರಿನ ಪಕ್ಕದ ಕಾರಿನಲ್ಲಿ ಅದನ್ನು ತುಂಬಲಾರದೆ ಒದ್ದಾಡುತ್ತಿದ್ದಳು. ಇಳಿದು ಕೈಕೊಡಬೇಕೆಂದು ಇಂದುಮತಿಗೆ ಅನಿಸಿತು, ಇಳಿಯಲಿಲ್ಲ. ನಿಶ್ಚಲ್ ಹೆಸರು ಬಂತು. ಅಂಕ ಹಾಕಿದವರಲ್ಲಿ ಒಬ್ಬನದು ನಲವತ್ತೈದು, ಒಬ್ಬನದು ನಲವತ್ತು, ಇಂದುವಿನದು ನಲವತ್ತು. ಈ ಹುಡುಗನ ಕಾಲು ನನಗೆ ಇಷ್ಟ, ಎಂದ ಡೇಲ್. ಇಂದುವೂ ನಲವತ್ತೈದು ಅಂದಿದ್ದರೆ ಈ ಬೇಸಿಗೆಯ ಮಟ್ಟಿಗೆ ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಅಲ್ಲಿಯ ಪದ್ಧತಿಯಂತೆ ಕೇಳಿದ, ಯಾರಿಗಾದರೂ ತಮ್ಮ ಅಂಕ ಬದಲಿಸಬೇಕು ಅನಿಸುತ್ತದೆಯೇ ಎಂದು.

ಕೇಳಿ ಅವನು ಕಾದ. ಆ ಹೊತ್ತಿನಲ್ಲಿ ಅವಳು ಬಾಯಿ ತೆರೆದಳು ಕೂಡ. ಹೌದು ಎನ್ನಬಹುದಿತ್ತು. ಏಕೆ ಎಂದು ಕೇಳಿದರೆ? ಹೋದ ತಿಂಗಳು ನೋಡಿದ ಆಟವನ್ನು ಇವತ್ತು ಹೊಸದಾಗಿ ನೋಡಿದೆನೆನ್ನಲೇ? ಹುಡುಗ ನಮ್ಮವನು, ಅದಕ್ಕೇ ಕಡಿಮೆ ಹಾಕಿದ್ದೆನೆನ್ನಲೇ? ಹಾಗೆಂದ ಮೇಲೆ ಅವಳ ನಲವತ್ತೈದಕ್ಕೆ ಯಾರು ಬೆಲೆ ಕೊಟ್ಟಾರು? ಅದು ನಮ್ಮವನಿಗೆ ಹಾಕಿದ ನಲವತ್ತೈದೇ ಆಗಿಬಿಡುತ್ತಿತ್ತು. ನನ್ನದು ಅಷ್ಟೇ, ಎಂದಳು ಕೊನೆಗೆ, ಅವಳ ಇಂಗ್ಲಿಷು ಅವಳಿಗೇ ತೀರಾ ಚೊಕ್ಕಟವಾಗಿ ಕೇಳಿಸಿತು. ಸರಿ ಹಾಗಾದರೆ, ಬಿಡೋಣ, ನಾಳೆ ಅವನು ಮೈದಾನಕ್ಕೆ ಬಂದಾಗ ಹೇಳುತ್ತಾರೆ, ಅಲ್ಲಿಯವರೆಗೆ ಯಾರೂ ಬಾಯಿ ಬಿಡಬೇಡಿ ಎಂದು ಡೇಲ್ ಮುಂದಿನ ಹೆಸರಿಗೆ ಹೋದ. ಅವಳು ಫೋನು ಇಟ್ಟು ಪಕ್ಕಕ್ಕೆ ನೋಡಿದಾಗ ಮುದುಕಿ ಹೇಗೋ ಮೂಟೆಯನ್ನು ಒಳಗೆ ಹಾಕಿಕೊಂಡು ಹೋಗಿದ್ದಳು, ತಳ್ಳುಗಾಡಿ ಮಾತ್ರ ಅಡ್ಡವಾಗಿ ನಿಂತಿತ್ತು. ಇಂದುಮತಿ ಇಳಿದು ಅದನ್ನು ಅಂಗಡಿಯ ಬಾಗಿಲವರೆಗೆ ತಳ್ಳಿ ಬಿಟ್ಟು ಬಂದಳು.

"ಬಾ ಬಾ, ನಿನ್ನ ಕಾರಿನ ಸದ್ದು ಕೇಳಿ ತಟ್ಟೆ ಹಾಕಿದೀನಿ," ಎಂದಳು ವಸಂತಾ ಬಾಗಿಲಲ್ಲೇ. ಮೊಗ್ಗಿನ ಮಾಲೆ ನೋಡಿ, "ಇದೆಲ್ಲಾ ಯಾಕೆ," ಎಂದು ಅಲ್ಲೇ ಅರ್ಧ ತುಂಡುಮಾಡಿ ಇಂದುಮತಿಯ ಜಡೆಗೆ ಸಿಕ್ಕಿಸಿದಳು, ಉಳಿದರ್ಧ ತಾನು ಮುಡಿದಳು. ಸೋಮವಾರ ತಂಡಕ್ಕೆ ರಜ, ನಿಶ್ಚಲ್ ಹ್ಯೂಸ್ಟನ್ನಿನಿಂದ ರಾತ್ರಿಯೇ ಬಂದಿದ್ದ, ಅದಕ್ಕೇ ಈ ಊಟ. ಮನೆ ಮೊದಲಿನಂತೆಯೇ ಇತ್ತು. ಮೂಲೆಯ ಆ ಸಣ್ಣ ಕೋಣೆಯಲ್ಲಿ, ಈಗ ಇಸ್ತ್ರಿ ಮಾಡುವ ಟೇಬಲ್ಲಿರುವ ಕೋಣೆಯಲ್ಲಿ, ಗಂಡನನ್ನು ಬಿಟ್ಟು ಎರಡು ಸೂಟ್‌ಕೇಸಿನೊಡನೆ ಬಂದ ಇಂದುಮತಿ ಒಂದು ಚಳಿಗಾಲ ಪೂರ್ತಿ ಮಲಗಿದ್ದಳು. ವಸಂತಾ ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ಊರಿನ ಕನ್ನಡದವರು ಬಾಯಿಗೆ ಬಂದಂತೆ ಮಾತಾಡಿದಾಗ, ಅವಳು ನಮ್ಮನೆ ಹುಡುಗಿ ಎಂದು ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಇಂದುಮತಿಯ ಅಜ್ಜಿ ಹೇಳುತ್ತಿದ್ದರು; ತನ್ನದು ದ್ರೋಹವಲ್ಲ, ಎಚ್ಚರಿಕೆ ಎಂದು ಅಜ್ಜಿಗೆ ಹೇಗೆ ಅರ್ಥಮಾಡಿಸುವುದೆಂದು ಅವಳು ಚಪ್ಪಲಿ ಬಿಡುತ್ತ ಯೋಚಿಸಿದಳು. ಅರ್ಥಮಾಡಿಸಲಾಗುವುದಿಲ್ಲ ಎನಿಸಿತು.

ನಿಶ್ಚಲ್ ಎದ್ದು ಬಂದು, ಹಾಯ್ ಇಂದು ಆಂಟಿ ಎಂದು ಬಗ್ಗಿ ಅಪ್ಪಿಕೊಂಡ. ಅವನ ಅಂಗೈ ಅವಳ ಬೆನ್ನಿಗೆ ಒರಟಾಗಿ ತಗುಲಿತು. ಆ ಕೈಯ ಅಗಲ ಅವಳಿಗೆ ಗೊತ್ತಿತ್ತು, ಅಳತೆ ಅವಳ ಕಂಪ್ಯೂಟರಿನಲ್ಲಿತ್ತು; ಹಾಗೆ ಗೊತ್ತಿರುವುದೇ ಅಸಹ್ಯವೆನಿಸಿತು. ರಾಮಮೂರ್ತಿ ತಟ್ಟೆಯ ಮುಂದೆ ಆಗಲೇ ಕೂತಿದ್ದರು. ಮಗ ಇಷ್ಟು ವರ್ಷ ಬೇಸ್‌ಬಾಲ್ ಆಡಿದರೂ ಅವರ ತಲೆಯಿಂದ ಕ್ರಿಕೆಟ್ ಇಳಿದಿರಲಿಲ್ಲ. "ಏನಮ್ಮ ಇಂದು, ನಮ್ಮ ಕವರ್ ಪಾಯಿಂಟ್ ಹೇಗೆ ಆಡ್ತಿದಾನೆ?" ಎಂದು ಕೇಳಿ ತಾವೇ ನಕ್ಕರು. ವಸಂತಾ ಬಿಸಿಬೇಳೆಬಾತು ಬಡಿಸುತ್ತ, "ಊಟ ಮಾಡೋಕೆ ಬಿಡ್ರೀ ಅವಳನ್ನ," ಎಂದಳು. ಆದರೆ ಮಾತು ಅಲ್ಲಿಗೇ ಬರಬೇಕಿತ್ತೆಂದು ಮೂವರ ಮುಖದಲ್ಲೂ ಕಾಣುತ್ತಿತ್ತು.

ಆಸ್ಟಿನ್ನಿನ ಒಂದು ಸಣ್ಣ ಕಾಲೇಜಿನವರು ನಿಶ್ಚಲ್‌ಗೆ ಕೋಚ್ ಕೆಲಸ ಕೊಡುತ್ತೇವೆಂದಿದ್ದರು. ಸಹಾಯಕ ಕೋಚು, ಒಳ ಮೈದಾನದ ಹುಡುಗರಿಗೆ ಕಲಿಸುವುದು. ಇನ್ನೊಬ್ಬ ಕಾಯುತ್ತಿದ್ದಾನೆ, ಇವತ್ತು ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಇದನ್ನೆಲ್ಲ ರಾಮಮೂರ್ತಿ ಹೇಳಿದರು, ನಿಶ್ಚಲ್ ತಲೆಬಗ್ಗಿಸಿ ತಿನ್ನುತ್ತಿದ್ದ. "ಇವನು ಮೇಲೆ ಹೋಗೋನಾದ್ರೆ ಇದು ಬೇಡ. ಹೋಗದೇ ಇರೋನಾದ್ರೆ ಇಂಥ ಕೆಲಸ ಮತ್ತೆ ಸಿಗಲ್ಲ. ನಮಗೇನು ತಿಳಿಯತ್ತೆ ಹೇಳು."

"ಇಂದು ಹೇಳ್ತಾಳೆ," ಎಂದಳು ವಸಂತಾ.

ನಿಶ್ಚಲ್ ಆಗ ತಲೆಯೆತ್ತಿದ. "ಆಂಟಿ, ಜಸ್ಟ್ ಟೆಲ್ ಮಿ ಸ್ಟ್ರೇಟ್," ಎಂದ. ನನಗೆ ಸಮಾಧಾನ ಬೇಡ, ನೀವು ನೋಡುತ್ತೀರೆಂದು ನನಗೆ ಗೊತ್ತು, ನಿಮಗೆ ಏನು ಕಾಣಿಸುತ್ತದೆ ಎಂದು ಇಂಗ್ಲಿಷಿನಲ್ಲೇ ಕೇಳಿದ. ಅವನಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು. ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು, ಚಿಕ್ಕಂದಿನಿಂದಲೂ ಹಾಗೇ.

ಇಂದುಮತಿ ತಟ್ಟೆಯಲ್ಲಿದ್ದ ಬಾತನ್ನು ಕಲಸತೊಡಗಿದಳು. ಕೆಲಸಕ್ಕೆ ಹೋಗಪ್ಪ, ಇವತ್ತೇ ಒಪ್ಪಿಕೋ ಎಂದರೆ ಸ್ವಲ್ಪ ಹೊತ್ತಿನ ಹಿಂದೆ ಆದದ್ದನ್ನು ಬಯಲು ಮಾಡಿದಂತೆ, ಮಾತು ತಪ್ಪಿದಂತೆ. ಅದಕ್ಕಿಂತ ಹೆಚ್ಚಾಗಿ, ಅವರು ಏಕೆ ಎಂದು ಕೇಳುತ್ತಾರೆ, ಆಗ ಎಲ್ಲ ಬಿಚ್ಚಬೇಕಾಗುತ್ತದೆ, ಈ ಮೇಜಿನ ಮೇಲೆ, ಈ ಮಲ್ಲಿಗೆ ಮುಡಿದುಕೊಂಡು. ನಿಯಮದ ಹಿಂದೆ ಅಡಗಿಕೊಳ್ಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ನಾನು ಹೇಳೋ ಹಾಗಿಲ್ಲಪ್ಪ," ಎಂದಳು. "ಕೆಲಸದ ನಿಯಮ. ತಪ್ಪು ತಿಳ್ಕೋಬೇಡಿ." ಹೇಳಿ ಮುಖವನ್ನು ಎಲ್ಲಿಡಬೇಕೆಂದು ತೋಚದೆ, ಬಡಿಸುವ ಪಾತ್ರೆಯನ್ನು ತನ್ನ ಕಡೆಗೆ ಎಳೆದು ಇನ್ನೊಂದು ಸಲ ಬಾತು ಹಾಕಿಕೊಂಡಳು, ಅದರ ಮೇಲೆ ಬೂಂದಿ ಹಾಕಿಕೊಂಡಳು.

ವಸಂತಾ ಅವಳನ್ನೇ ನೋಡುತ್ತಿದ್ದಳು. ಆ ಮುಖ ನಿಧಾನಕ್ಕೆ ಅರಳಿತು. "ಬಿಡಿ, ಅವಳನ್ನ ಧರ್ಮಸಂಕಟಕ್ಕೆ ಹಾಕಬೇಡಿ," ಎಂದಳು. "ನನಗೆ ಗೊತ್ತಾಯ್ತು. ಕೆಟ್ಟದ್ದಿದ್ದಿದ್ರೆ ನಮ್ಮನೇಲಿ ಕೂತು ಹೀಗೆ ಎರಡನೇ ಸಲ ಹಾಕಿಸ್ಕೊಂಡು ಊಟ ಮಾಡ್ತಿದ್ಲಾ? ಅನ್ನ ಇಳೀತಿತ್ತಾ ಅವಳಿಗೆ?"

"ಅದೂ ನಿಜವೇ," ಎಂದರು ರಾಮಮೂರ್ತಿ.

ನಿಶ್ಚಲ್ ಅವಳ ತಟ್ಟೆ ನೋಡಿದ, ಅವಳ ಮುಖ ನೋಡಿದ, ಮೆಲ್ಲಗೆ ನಕ್ಕ. ಎಡಗೈಯಲ್ಲಿ ಫೋನು ತೆಗೆದು ಹೆಬ್ಬೆರಳಿನಿಂದ ಏನೋ ಬರೆದು ಮತ್ತೆ ಕೆಳಗಿಟ್ಟ. ಧನ್ಯವಾದ, ಆದರೆ ನಾನು ಆಡುವುದನ್ನು ಮುಂದುವರಿಸುತ್ತೇನೆ ಎಂದು ಕಾಲೇಜಿನವರಿಗೆ ಬರೆದೆ, ಎಂದ. ಅಷ್ಟು ಬೇಗ ಅದು ಮುಗಿದುಹೋಗಿತ್ತು. ಇಂದುಮತಿ ಬಾಯಲ್ಲಿದ್ದದ್ದನ್ನು ಅಗಿಯುತ್ತಲೇ ಇದ್ದಳು. ಈಗಲೂ ಹೇಳಬಹುದು ಎಂದುಕೊಂಡಳು. ನುಂಗಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ನುಂಗಿದ ಮೇಲೆ ವಸಂತಾ ಮೊಸರನ್ನ ಬಡಿಸಿದಳು. ಮೊಸರನ್ನ ಬಡಿಸಿದ ಕೈ ಅವಳ ಭುಜದ ಮೇಲೆ ಒಂದು ಕ್ಷಣ ನಿಂತು, ಮೆಲ್ಲಗೆ ಒತ್ತಿತು.

ಊಟವಾದ ಮೇಲೆ ವಸಂತಾ ದೃಷ್ಟಿ ತೆಗೆಯುವ ಮಾತೆತ್ತಿದಳು. ಮಗನ ಮೇಲೆ ಈಗ ಎಲ್ಲರ ಕಣ್ಣು, ಅಷ್ಟು ಜನ ಕೂತು ನೋಡುತ್ತಾರೆ, ಹೋದ ವಾರ ಅವನ ಮಂಡಿ ನೊಂದಿತ್ತು, ಸುಮ್ಮನೆ ಆಗುವುದಲ್ಲ ಅದು. ಉಪ್ಪು ಮೆಣಸಿನಕಾಯಿಯ ಘಾಟು ಅವಳ ಎದೆಗೆ ಆಗದು, ದಮ್ಮು ಬರುತ್ತದೆ. ಒಳಗೆ ಹೊಗೆ ಮಾಡಿದರೆ ಅಲಾರಮ್ಮು ಬಡಿದುಕೊಳ್ಳುತ್ತದೆ. "ನೀನೇ ತೆಗಿ ಇಂದು. ಅವನು ಚಿಕ್ಕವನಿದ್ದಾಗ್ಲೂ ನೀನೇ ತೆಗೀತಿದ್ದೆ, ನೆನಪಿದ್ಯಾ? ಮ್ಯಾಚ್ ಮುಂಚೆ ಬಂದು ನಿನ್ನ ಮುಂದೇನೇ ಕೂರ್ತಿದ್ದ. ನಿನ್ನ ಕೈಗುಣ ಒಳ್ಳೇದು." ಹಿತ್ತಲಲ್ಲಿ ರಾಮಮೂರ್ತಿ ಬಾರ್ಬೆಕ್ಯೂ ಒಲೆಯಲ್ಲಿ ಇದ್ದಿಲು ಹೊತ್ತಿಸಿಟ್ಟು, ತಮಗೊಂದು ಕೋಳಿನಿದ್ದೆ ಬೇಕೆಂದು ಒಳಗೆ ಹೋದರು. ವಸಂತಾ ಇಂದುಮತಿಯ ಅಂಗೈಗೆ ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆ ಸುರಿದು, ಗಾಜಿನ ಬಾಗಿಲೆಳೆದುಕೊಂಡು ಒಳಗೆ ನಿಂತಳು.

ನಿಶ್ಚಲ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ವಿಧೇಯನಾಗಿ ಕೂತ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಇಂದುಮತಿ ಮುಷ್ಟಿ ಕಟ್ಟಿ ಅವನ ತಲೆಯಿಂದ ಕಾಲಿನವರೆಗೆ ಇಳಿಸಿದಳು. ಬಾಯಿಗೆ ಮಾತು ತಾನಾಗಿ ಬಂತು. "ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು." ಎರಡನೆಯ ಸುತ್ತಿಗೆ ಅವನ ಎಡಗಾಲು ಕಂಡಿತು. ಬರಿಗಾಲು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಅವಳ ದನಿ ಅಲ್ಲಿಗೆ ನಿಂತುಹೋಯಿತು. ಕಣ್ಣು ಹಾಕಿದವಳೇ ಕಣ್ಣು ತೆಗೆಯುತ್ತಿದ್ದೇನೆ, ಇದನ್ನು ಮಾಡಿ ಮುಗಿಸಿದರೆ ನನ್ನಂಥ ನೀಚಳು ಇನ್ನೊಬ್ಬಳಿರುವುದಿಲ್ಲ ಎಂದು ಅವಳಿಗೆ ಅನಿಸಿತು. ಮುಷ್ಟಿಯೊಳಗೆ ಉಪ್ಪು ಬೆವರಿಗೆ ಒದ್ದೆಯಾಗಿತ್ತು.

"ನಿಶ್ಚಲ್," ಎಂದಳು. "ಆ ಕಾಲೇಜಿನವರಿಗೆ ಈಗಲೇ ಫೋನ್ ಮಾಡು. ಬರ್ತೀನಿ ಅಂತ ಹೇಳು."

ಅವನು ತಿರುಗಿ ಅವಳನ್ನು ನೋಡಿದ. ಚೆಂಡು ಎಲ್ಲಿಗೆ ಬರುತ್ತದೆಂದು ಅವನಿಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ನನ್ನನ್ನು ಬಿಡುವುದು ನಾಳೆಯೇ, ಎಂದು ಕೇಳಿದ. ಅವಳು ತಲೆಯಾಡಿಸಿದಳು. ಊಟಕ್ಕೆ ಕೂರುವ ಮೊದಲೇ ಗೊತ್ತಿತ್ತೇ? ಗೊತ್ತಿತ್ತು. ಅವನು ಮತ್ತೇನೂ ಕೇಳದೆ ಎದ್ದು, ಬೇಲಿಯ ಹತ್ತಿರ ಹೋಗಿ ಫೋನು ಕಿವಿಗಿಟ್ಟುಕೊಂಡ. ಗಾಜಿನ ಹಿಂದೆ ವಸಂತಾ ಕೈಸನ್ನೆ ಮಾಡಿ, ಮುಗೀತಾ ಎಂದು ಕೇಳಿದಳು. ಇಂದುಮತಿ ಇನ್ನೂ ಇಲ್ಲ ಎಂದು ಮುಷ್ಟಿ ತೋರಿಸಿದಳು. ಬೇಲಿಯ ಹತ್ತಿರದ ಬೆನ್ನು ಸ್ವಲ್ಪ ಹೊತ್ತು ನೆಟ್ಟಗಿತ್ತು, ಆಮೇಲೆ ಒಂದು ಭುಜ ಇಳಿಯಿತು. ಅವನು ಮರಳಿ ಬಂದು ಅದೇ ಕುರ್ಚಿಯಲ್ಲಿ ಅದೇ ರೀತಿ ಕೂತ. ಅವರು ಆಗಲೇ ಇನ್ನೊಬ್ಬನಿಗೆ ಹೇಳಿಬಿಟ್ಟಿದ್ದಾರಂತೆ, ಎಂದ. ಅರ್ಧ ಗಂಟೆಯ ಹಿಂದೆ.

"ನನ್ನ ಅಂಕದ ಮೇಲೆ ನಿಂತಿತ್ತು," ಎಂದಳು ಇಂದುಮತಿ. ಹೇಳಲೇಬೇಕಿತ್ತು, ಇನ್ನು ಮುಚ್ಚಿಡಲು ಅವಳಿಂದಾಗುತ್ತಿರಲಿಲ್ಲ. "ನಲವತ್ತು ಬರೆದೆ."

"ವಾಟ್ ಆಮ್ ಐ?" ಎಂದ ಅವನು, ಬಹಳ ಮೆಲ್ಲಗೆ.

"ನಲವತ್ತೈದು. ಈಗಲೂ ಅದೇ ಹೇಳ್ತೀನಿ."

"ದೆನ್ ವೈ?"

"ನೀನು ನಮ್ಮವನು ಅಂತ," ಎಂದಳು. ಇಷ್ಟು ದಿನ ಒಳಗೆ ದೊಡ್ಡದಾಗಿ, ಗೋಜಲಾಗಿ, ನ್ಯಾಯ ಅನ್ಯಾಯಗಳೆಲ್ಲ ಸೇರಿಕೊಂಡು ಇದ್ದದ್ದು, ಹೊರಗೆ ಬಂದಾಗ ಇಷ್ಟೇ ಆಗಿತ್ತು. ಡೇಲ್‌ಗೆ ಈಗಲೇ ಫೋನು ಮಾಡುತ್ತೇನೆ, ಎಲ್ಲ ಹೇಳುತ್ತೇನೆ ಎಂದಳು. ಅವನು ಬೇಡವೆಂದು ತಲೆಯಾಡಿಸಿದ. ಹೇಳಿದರೆ ನಿಮ್ಮ ನಲವತ್ತೈದನ್ನು ಅವರು ನಂಬುವುದಿಲ್ಲ ಅಲ್ಲವೇ, ಎಂದು ಕೇಳಿದ. ಅವನು ಬೈದಿದ್ದರೆ, ಎದ್ದು ಹೋಗಿದ್ದರೆ ಅವಳಿಗೆ ಕೂತು ಅಳಲಾದರೂ ಆಗುತ್ತಿತ್ತು. ಅವನು ಇದ್ದಿಲನ್ನೇ ನೋಡುತ್ತ ಕೂತಿದ್ದ. ಆಮೇಲೆ ಗಾಜಿನ ಬಾಗಿಲಿನತ್ತ ನೋಡಿ, ಫಿನಿಶ್ ಇಟ್ ಆಂಟಿ, ಅಮ್ಮ ನೋಡ್ತಿದಾಳೆ ಎಂಬಂತೆ ಕಣ್ಣಿನಲ್ಲೇ ಸನ್ನೆ ಮಾಡಿದ.

ಮೂರನೆಯ ಸುತ್ತನ್ನು ಅವಳು ಮಾತಿಲ್ಲದೆ ಇಳಿಸಿದಳು. ಅವನು ಅವಳ ಮುಷ್ಟಿಯ ಮೇಲೆ ಮೂರು ಸಲ ಥೂ ಎಂದ, ಚಿಕ್ಕವನಿದ್ದಾಗ ಕಲಿಸಿದ್ದಂತೆಯೇ. ಕೆಂಡಕ್ಕೆ ಸುರಿದಾಗ ಉಪ್ಪು ಚಟಪಟ ಎಂದಿತು, ಮೆಣಸಿನಕಾಯಿ ಕಪ್ಪಾಗಿ ಸುರುಟಿತು. ಘಾಟೇ ಏಳಲಿಲ್ಲ. ಅವಳು ಬಗ್ಗಿ ಹೊಗೆಗೆ ಮುಖವೊಡ್ಡಿದಳು, ಕೆಮ್ಮು ಬರಲೆಂದು ಕಾದಳು, ಬರಲಿಲ್ಲ.

ವಸಂತಾ ಬಾಗಿಲು ಸರಿಸಿ ಮೂಗು ಅರಳಿಸಿ ಬಂದಳು. "ನೋಡಿದ್ಯಾ, ಒಂಚೂರೂ ಘಾಟಿಲ್ಲ. ಎಷ್ಟು ದೃಷ್ಟಿ ತಾಕಿತ್ತು ನನ್ನ ಮಗನಿಗೆ. ಯಾವ ಪಾಪಿ ಕಣ್ಣೋ." ಅವಳ ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಇಂದುಮತಿಗೆ ಕಟ್ಟಿಕೊಡಲು ಬಾತಿನ ಡಬ್ಬಿ. ಮಗನ ಮುಖವನ್ನೂ ಅವಳ ಮುಖವನ್ನೂ ನೋಡಿದಳು. "ಏನೋ ಮಾತಾಡ್ತಿದ್ರಿ ಇಬ್ಬರೂ. ಏನಂದ್ರೋ ಇಂದು ಆಂಟಿ?"

ಇಂದುಮತಿ ಬಾಯಿ ತೆರೆದಳು. ಅವಳಿಗಿಂತ ಮೊದಲು ನಿಶ್ಚಲ್ ಎದ್ದು ನಿಂತಿದ್ದ. ಅವನು ತಾಯಿಯ ಕೈಯಿಂದ ಡಬ್ಬಿ ತೆಗೆದು ಇಂದುಮತಿಯ ಕೈಗೆ ಕೊಟ್ಟ, ಉಪ್ಪಿನ ಕೈಯಾದ್ದರಿಂದ ಜಾರದಂತೆ ಕೆಳಗಿನಿಂದ ಹಿಡಿದು ಕೊಟ್ಟ. ಆಮೇಲೆ ತಡವರಿಸುತ್ತ, ಒಂದೊಂದೇ ಪದ ಹುಡುಕಿ ಜೋಡಿಸುತ್ತ, ಅವಳು ಅವನ ಬಾಯಿಂದ ಎಂದೂ ಕೇಳಿರದ ಕನ್ನಡದಲ್ಲಿ ಹೇಳಿದ.

"ಒಳ್ಳೇದೇ ಹೇಳಿದ್ರು ಅಮ್ಮ. ಆಂಟಿ ನನಗೆ ಒಳ್ಳೇದೇ ಹೇಳಿದ್ರು."

ವಸಂತಾಳ ಕಣ್ಣು ತುಂಬಿತು. ಅವಳು ಇಂದುಮತಿಯ ಹಣೆಗೆ ಕುಂಕುಮವಿಟ್ಟು, "ಮುಂದಿನ ಸೋಮವಾರಾನೂ ಬಾ," ಎಂದಳು.